ಸಮಾಜವಿಜ್ಞಾನಿಯ ಬದುಕನ್ನು ಕೃತಿಯ ಪಕ್ಕದಲ್ಲಿಟ್ಟು ಓದುವ ಕ್ರಮ

ಸಮಾಜವಿಜ್ಞಾನಿಯೊಬ್ಬರ ಬದುಕು ಅವರ ವಿದ್ವತ್ತನ್ನು ಹೇಗೆ ರೂಪಿಸಿತೆಂದು ಬರೆಯಹೊರಟವರು ಸಾಮಾನ್ಯವಾಗಿ ಹುಟ್ಟಿದ ಊರು, ಜಾತಿ, ಓದಿದ ಕಾಲೇಜುಗಳಿಂದ ಆರಂಭಿಸಿ, ಸಿದ್ಧಾಂತವನ್ನೆಲ್ಲ ಅವುಗಳಿಂದಲೇ ಹಿಂಡಿ ತೆಗೆಯುತ್ತಾರೆ. ಇದು ತಲೆಕೆಳಗಾದ ಕ್ರಮ. ಮೊದಲು ಕೃತಿಯನ್ನು ಓದಿ, ಅದರ ಮುಖ್ಯ ವಾದವೇನು, ಅದಕ್ಕೆ ಕೊಟ್ಟ ಆಧಾರಗಳೇನು ಎಂಬುದನ್ನು ಬರೆದಿಟ್ಟುಕೊಂಡ ಮೇಲೆಯೇ ಜೀವನದ ವಿವರಗಳಿಗೆ ಕೈಹಾಕಬೇಕು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನೇ ತೆಗೆದುಕೊಳ್ಳೋಣ. ಕೃತಿಗಳ ಕಾಲಾನುಕ್ರಮವನ್ನೂ ಬದುಕಿನ ಕಾಲಾನುಕ್ರಮವನ್ನೂ ಅಕ್ಕಪಕ್ಕ ಬರೆಯಿರಿ. 1916ರಲ್ಲಿ ಮೈಸೂರಿನ ಅಯ್ಯಂಗಾರ್ ಕುಟುಂಬದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಸಂಗ್ರಹಿಸಿದ ಸಾಮಗ್ರಿಯನ್ನು ಆಕ್ಸ್‌ಫರ್ಡ್‌ಗೆ ಒಯ್ದು, ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞರ, ಆಚರಣೆಗಳು ಸಮಾಜವನ್ನು ಹೇಗೆ ಹಿಡಿದಿಡುತ್ತವೆಂದು ಕೇಳುವ ಚಿಂತನೆಯ ಬೆಳಕಿನಲ್ಲಿ ಮತ್ತೆ ವಿಶ್ಲೇಷಿಸಿದರು. 1952ರಲ್ಲಿ ಪ್ರಕಟವಾದ ಗ್ರಂಥ ಅದರ ಫಲ, ಸಂಸ್ಕೃತೀಕರಣದ, ಅಂದರೆ ಕೆಳಗಿನ ಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಕರಿಸಿ ಮೇಲೇರಲು ಯತ್ನಿಸುವುದರ, ಪರಿಕಲ್ಪನೆ ಪ್ರಸಿದ್ಧವಾದದ್ದೂ ಅದರಿಂದಲೇ. ಸಾಮಗ್ರಿ ಅದೇ ಇದ್ದು ವಿವರಣೆ ಮಾತ್ರ ಬದಲಾದ ಇಂಥ ಜಾಗದಲ್ಲಿ ನಿಂತು ನೋಡಬೇಕು, ಏಕೆಂದರೆ ಅಲ್ಲಿ ಕೆಲಸ ಮಾಡಿರುವುದು ಹುಟ್ಟಿಗಿಂತ ಹೆಚ್ಚಾಗಿ ಗುರುಗಳ ಬದಲಾವಣೆ.

ಮುಂದಿನ ಪ್ರಶ್ನೆ, ನನ್ನ ಮಟ್ಟಿಗೆ, ಎಲ್ಲಕ್ಕಿಂತ ಫಲವತ್ತಾದದ್ದು: ಕ್ಷೇತ್ರಕಾರ್ಯದಲ್ಲಿ ಅವರು ಎಲ್ಲಿ ಉಳಿದರು, ಯಾರ ಪರಿಚಯದಿಂದ ಊರೊಳಗೆ ಹೋದರು, ಯಾರ ಮನೆಯ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ? 1948ರಲ್ಲಿ ಶ್ರೀನಿವಾಸ್ ರಾಂಪುರವೆಂದು ಹೆಸರು ಬದಲಿಸಿ ಕರೆದ ಹಳ್ಳಿಯಲ್ಲಿ ನೆಲೆಸಿದಾಗ, ಅವರು ಊರಿನ ಮುಖಂಡನ ಆಶ್ರಯದಲ್ಲಿದ್ದ ಬ್ರಾಹ್ಮಣ ಅತಿಥಿಯಾಗಿದ್ದರು. ತಮ್ಮ ನೋಟ ಮೇಲ್ಜಾತಿಗಳ ಕಡೆಗೆ ವಾಲಿತ್ತೆಂಬುದನ್ನು ಅವರೇ ಮುಚ್ಚಿಡಲಿಲ್ಲ. ಒಕ್ಕಲಿಗರ ಭೂಮಿ, ಸಂಖ್ಯೆ, ಅಧಿಕಾರಗಳು ಅವರ ಕಣ್ಣಿಗೆ ಅಷ್ಟು ನಿಚ್ಚಳವಾಗಿ ಕಂಡು, 1959ರ ಲೇಖನದಲ್ಲಿ ಪ್ರಬಲ ಜಾತಿಯ ವಿಶ್ಲೇಷಣೆಯಾಗಿ ಮೈದಳೆದುದಕ್ಕೂ ಈ ವಾಸ್ತವ್ಯಕ್ಕೂ ನಂಟಿದೆಯೆಂದು ಊಹಿಸಬಹುದು. ಊಹೆಯನ್ನು ಊಹೆಯೆಂದೇ ಬರೆಯಿರಿ. ಆ ಪರಿಕಲ್ಪನೆ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಬೇರೆ ಹಳ್ಳಿಗಳ ಸಾಕ್ಷ್ಯವೇ ಹೊರತು ಮುಖಂಡನ ಮನೆಯ ಜಗಲಿಯಲ್ಲ.

ವಿದ್ವಾಂಸರ ಆತ್ಮಕಥನಗಳನ್ನು ಕಚ್ಚಾ ದಾಖಲೆಯೆಂದು ಎಣಿಸಬಾರದು, ಅವೂ ಕೃತಿಗಳೇ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ರಾಂಪುರದ ಬಗ್ಗೆ ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದ ಮೇಲೆ ಶ್ರೀನಿವಾಸ್ ಬಹುಪಾಲು ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಬಂತು. ಅಲ್ಲಿನ ರಾಂಪುರ 1948ರದ್ದೆಷ್ಟು, ಎರಡು ದಶಕಗಳ ಬಳಿಕ ನೆನೆಯುತ್ತಿದ್ದವರದ್ದೆಷ್ಟು ಎಂದು ಓದುಗರು ಕೇಳಿಕೊಳ್ಳುತ್ತಲೇ ಇರಬೇಕು.

ಇಷ್ಟಾದ ಬಳಿಕ, ಅದೇ ವಿಷಯವನ್ನು ಬೇರೊಂದು ಬದುಕಿನಿಂದ ನೋಡಿದವರನ್ನು ಎದುರಿಗಿಡಿ. ಶ್ರೀನಿವಾಸ್ ಹುಟ್ಟಿದ ವರ್ಷದಲ್ಲೇ, ಅಸ್ಪೃಶ್ಯತೆಯ ಅವಮಾನವನ್ನು ಬಾಲ್ಯದಿಂದಲೇ ಉಂಡಿದ್ದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಉಗಮದ ಕುರಿತು ಪ್ರಬಂಧ ಮಂಡಿಸಿದರು. ಕುತೂಹಲದ ಸಂಗತಿಯೆಂದರೆ ಇಬ್ಬರ ವಾದದಲ್ಲೂ ಬ್ರಾಹ್ಮಣರ ಅನುಕರಣೆ ಇದೆ. ಆದರೆ ಅಂಬೇಡ್ಕರ್ ಅವರಲ್ಲಿ ಅದು ಒಳಪಂಗಡದ ಮದುವೆಯ ಕಟ್ಟಳೆ ಹರಡಿ ಒಂದೊಂದೇ ಗುಂಪು ಮುಚ್ಚಿಹೋಗುವ ಬಗೆಯನ್ನು ವಿವರಿಸುತ್ತದೆ. ಶ್ರೀನಿವಾಸ್ ಅವರಲ್ಲಿ ಗುಂಪೊಂದು ಶ್ರೇಣಿಯಲ್ಲಿ ಮೇಲೇರಲು ಯತ್ನಿಸುವ ಬಗೆಯನ್ನು. ಹಾಗಾಗಿ ಬದುಕು ರೂಪಿಸುವುದು ಕಂಡ ಸಂಗತಿಯನ್ನಷ್ಟೇ ಅಲ್ಲ, ಆ ಸಂಗತಿಗೆ ಕೇಳುವ ಪ್ರಶ್ನೆಯನ್ನೂ ಎಂದು ಟಿಪ್ಪಣಿಯಲ್ಲಿ ಗುರುತಿಸಿಕೊಳ್ಳಬಹುದು.

ನಿಮ್ಮ ವಿವರಣೆಗೆ ಅಡ್ಡ ಬರುವ ಒಂದು ಪ್ರಕರಣವನ್ನಾದರೂ ಹುಡುಕದೆ ಲೇಖನ ಮುಗಿಸಬೇಡಿ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರ್ಲಿನ್‌ನಲ್ಲಿ ಜನಾಂಗಭೇದದ ಪ್ರತಿಪಾದಕ ಯೂಜೆನ್ ಫಿಷರ್ ಅವರ ಶಿಷ್ಯೆಯಾಗಿದ್ದರು. ತಲೆಬುರುಡೆಗಳ ಅಸಮತೆಯನ್ನು ಅಳೆದ ಅವರ ಪ್ರಬಂಧ, ಗುರುವಿನ ನಿರೀಕ್ಷೆಗೆ ವಿರುದ್ಧವಾಗಿ, ಅದಕ್ಕೂ ಜನಾಂಗಕ್ಕೂ ಸಂಬಂಧವಿಲ್ಲವೆಂಬ ನಿರ್ಣಯಕ್ಕೆ ಬಂತು. ಗುರುಪರಂಪರೆಯನ್ನಷ್ಟೇ ನೆಚ್ಚಿ ಓದಿದವರಿಗೆ ಈ ಫಲಿತಾಂಶ ಅರ್ಥವಾಗುವುದಿಲ್ಲ. ಅಳತೆಗಳನ್ನೂ ತೆರೆದು ನೋಡಬೇಕಾಗುತ್ತದೆ.