ಹಣ ಕೊಟ್ಟವರು ಯಾರು: ಒಂದು ಸಂಸತ್ ಪ್ರಶ್ನೆಯ ಕರಡು ಬರೆದ ನನ್ನ ಅನುಭವ

2024ರ ನವೆಂಬರ್ ಮೊದಲ ವಾರದಲ್ಲಿ, ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಕುಳಿತು ಫೋನು ನೋಡುತ್ತಿದ್ದಾಗ, ಅಚ್ಚ ಕನ್ನಡದ ಒಂದು ಚುನಾವಣಾ ಜಾಹೀರಾತು ಕಣ್ಣಿಗೆ ಬಿತ್ತು. ಮಹಾರಾಷ್ಟ್ರ ವಿಧಾನಸಭೆಗೆ ಅದೇ ತಿಂಗಳ 20ರಂದು ಮತದಾನವಿದ್ದುದರಿಂದ ಜಾಹೀರಾತು ಬಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆದರೆ ಹಣ ಪಾವತಿಸಿದವರ ಹೆಸರು ಇರಬೇಕಾದ ಸಾಲಿನಲ್ಲಿ ಪಕ್ಷವೂ ಇರಲಿಲ್ಲ, ಅಭ್ಯರ್ಥಿಯೂ ಇರಲಿಲ್ಲ. ನಾನು ಎಂದೂ ಕೇಳಿರದ ಒಂದು ಪುಟದ ಹೆಸರಿತ್ತು. ಮುಂಬಯಿಯ ಫೋರ್ಟ್ ಪ್ರದೇಶದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಇಪ್ಪತ್ತು ವರ್ಷ ವೋಚರು ತಾಳೆ ನೋಡಿದವನಿಗೆ ಇಂಥ ಸಾಲನ್ನು ಕಂಡು ಸುಮ್ಮನಿರುವುದು ಕಷ್ಟ.

ಮೊದಲು ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯ ಜಾಹೀರಾತು ಸಂಗ್ರಹವನ್ನು ತೆರೆದೆ. ರಾಜಕೀಯ ಜಾಹೀರಾತುಗಳನ್ನು ಅಲ್ಲಿ ಏಳು ವರ್ಷ ಉಳಿಸಿಡುತ್ತಾರೆ ಮತ್ತು ಯಾರು ಬೇಕಾದರೂ ನೋಡಬಹುದು. ಆ ಪುಟದ ಜಾಹೀರಾತುಗಳನ್ನು ಒಂದೊಂದಾಗಿ ಎಕ್ಸೆಲ್ ಹಾಳೆಗೆ ಇಳಿಸತೊಡಗಿದಾಗ ಎರಡು ತೊಡಕುಗಳು ಎದುರಾದವು. ಖರ್ಚನ್ನು ನಿಖರವಾಗಿ ಹೇಳದೆ ಇಷ್ಟರಿಂದ ಇಷ್ಟರವರೆಗೆ ಎಂದು ತೋರಿಸುವುದರಿಂದ, ಕೆಳಗಿನ ಅಂಕಿಗಳ ಮೊತ್ತವೂ ಮೇಲಿನ ಅಂಕಿಗಳ ಮೊತ್ತವೂ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರ ಸರಿದವು; ಇಂಥ ಲೆಕ್ಕಕ್ಕೆ ನಮ್ಮ ಕಚೇರಿಯಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ. ಇನ್ನು, ಜಾಹೀರಾತು ತಲುಪಿದ ಜಾಗವನ್ನು ರಾಜ್ಯದ ಮಟ್ಟದಲ್ಲಿ ಮಾತ್ರ ಹೇಳುತ್ತಾರೆ. ಕನ್ನಡದ ಜಾಹೀರಾತು ಮಹಾರಾಷ್ಟ್ರದಲ್ಲಿ ಹರಿದಾಡಿದೆ ಎಂದರೆ ಅದು ಮುಂಬಯಿಯ ನಮ್ಮಂಥವರಿಗೆ ಬಂದದ್ದೋ, ಕರ್ನಾಟಕದ ಗಡಿಗೆ ಹತ್ತಿರದ ಅಕ್ಕಲಕೋಟೆಯವರಿಗೋ, ಜತ್ತಿನವರಿಗೋ ಎಂದು ತಿಳಿಯುವ ದಾರಿಯಿಲ್ಲ. ಚುನಾವಣಾ ಖರ್ಚಿನ ಮಿತಿ ಇರುವುದು ಮಾತ್ರ ಕ್ಷೇತ್ರದ ಅಭ್ಯರ್ಥಿಗೆ.

ಮಹಾರಾಷ್ಟ್ರದಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿಯವರೆಗೆ ಖರ್ಚು ಮಾಡಬಹುದು. ಪಕ್ಷಕ್ಕೆ ಮಿತಿಯೇ ಇಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಅಭ್ಯರ್ಥಿ ಅಥವಾ ಅವರ ಏಜೆಂಟರು ಮಾಡಿದ, ಇಲ್ಲವೇ ಒಪ್ಪಿಗೆ ಕೊಟ್ಟ ಖರ್ಚು ಮಾತ್ರ ಲೆಕ್ಕಕ್ಕೆ ಬರುತ್ತದೆ. ಫಲಿತಾಂಶ ಬಂದ 30 ದಿನಗಳೊಳಗೆ ಅಭ್ಯರ್ಥಿಗಳು ಸಲ್ಲಿಸಬೇಕಾದ ಲೆಕ್ಕಪತ್ರಗಳನ್ನು ನಾನು ಡಿಸೆಂಬರ್ ಕೊನೆಗೆ ತರಿಸಿಕೊಂಡು, ಸಾಮಾಜಿಕ ಮಾಧ್ಯಮದ ಖರ್ಚಿನ ಭಾಗವನ್ನು ಸಾಲು ಸಾಲಾಗಿ ಓದಿದೆ. ಆ ಪುಟದ ಹೆಸರು ಎಲ್ಲಿಯೂ ಇರಲಿಲ್ಲ. ಇದು ಕಾನೂನಿನ ಉಲ್ಲಂಘನೆ ಎಂದು ನಾನು ಹೇಳಲಾರೆ, ಏಕೆಂದರೆ ಹಾಗೆ ಹೇಳಲು ಬೇಕಾದ ಕಾಗದ ಯಾರ ಬಳಿಯೂ ಇಲ್ಲ. ಚಾಳಿನ ಬಾಗಿಲ ಸಂದಿಯಲ್ಲಿ ತುರುಕಿಹೋಗುವ ಎರಡು ಪೈಸೆಯ ಕರಪತ್ರಕ್ಕೂ ಅದೇ ಕಾಯ್ದೆಯ 127ಎ ಕಲಮಿನಂತೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ. ಫೋನಿಗೆ ಬರುವುದರ ಹಿಂದಿನ ಹಣದ ಮೂಲ ಕೇಳುವ ಕಲಮು ನನಗೆ ಕಾಯ್ದೆಯಲ್ಲಿ ಕಾಣಲಿಲ್ಲ. ಅಂತರ್ಜಾಲದ ಜಾಹೀರಾತಿಗೂ ಪೂರ್ವ ದೃಢೀಕರಣ ಬೇಕೆಂದು ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲೇ ಸೂಚಿಸಿದ್ದರೂ, ಅದು ಜಾಹೀರಾತಿನ ಒಕ್ಕಣೆಯನ್ನು ನೋಡುವ ವ್ಯವಸ್ಥೆ.

ಸಂಸತ್ತಿನ ಮೂಲಕ ಕೇಳಿಸಬೇಕೆಂದು ಆಗ ತೋರಿತು. ಪರಿಚಿತ ಸಂಸದರೊಬ್ಬರ ಆಪ್ತ ಕಾರ್ಯದರ್ಶಿಗೆ ನಾಲ್ಕು ಪುಟದ ಪತ್ರ ಬರೆದೆ. ಅವರು ಸಭ್ಯರು; ಚಹಾ ಕೊಟ್ಟು, ಪತ್ರವನ್ನು ನನಗೇ ಮರಳಿಸಿದರು. "ಇದು ಭಾಷಣ ಆಯಿತು ಸಾಹೇಬರೇ, ಪ್ರಶ್ನೆ ಆಗಲಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಲೋಕಸಭೆಯ ನಿಯಮಾವಳಿಯ 41ನೇ ನಿಯಮವನ್ನು ಓದಿದ ಮೇಲೆಯೇ ಅವರ ಮಾತಿನ ತೂಕ ತಿಳಿದದ್ದು. ಸುಲಭವಾಗಿ ಸಿಗುವ ದಾಖಲೆಗಳಲ್ಲಿ ಇರುವುದನ್ನು ಕೇಳುವಂತಿಲ್ಲ. ಆದ್ದರಿಂದ ಜಾಹೀರಾತು ಸಂಗ್ರಹದ ಅಂಕಿಗಳೆಲ್ಲ ಹೊರಗೆ. ಭಾರತ ಸರ್ಕಾರಕ್ಕೆ ಮುಖ್ಯವಾಗಿ ಉತ್ತರದಾಯಿಗಳಲ್ಲದವರ ಹಿಡಿತದಲ್ಲಿರುವ ವಿಷಯವನ್ನೂ ಎತ್ತುವಂತಿಲ್ಲ. ಆದ್ದರಿಂದ ಕಂಪನಿಗಳು ಏನು ಮಾಡಿದವು ಎಂಬುದೂ ಹೊರಗೆ. ಉಳಿದದ್ದು ಒಂದೇ: ಸಚಿವಾಲಯ ಏನು ಮಾಡಿತು, ಏನು ಮಾಡಲಿಲ್ಲ.

ಕಂಪನಿಗಳನ್ನೇ ಎದುರು ಕೂರಿಸಿಕೊಂಡು ಕೇಳುವ ಬಲ ಸಂಸತ್ತಿನ ಸ್ಥಾಯಿ ಸಮಿತಿಗಿದೆ. ಮಾಹಿತಿ ತಂತ್ರಜ್ಞಾನದ ಸಮಿತಿಯ ಮುಂದೆ ಫೇಸ್‌ಬುಕ್ ಪ್ರತಿನಿಧಿಗಳು 2019ರ ಮಾರ್ಚ್‌ನಲ್ಲಿ ಅನುರಾಗ್ ಠಾಕೂರ್ ಅಧ್ಯಕ್ಷರಾಗಿದ್ದಾಗಲೂ, 2020ರ ಸೆಪ್ಟೆಂಬರ್‌ನಲ್ಲಿ ಶಶಿ ತರೂರ್ ಅಧ್ಯಕ್ಷರಾಗಿದ್ದಾಗಲೂ ಹಾಜರಾಗಿದ್ದರು. ನನ್ನ ದೃಷ್ಟಿಯಲ್ಲಿ ಪ್ರಶ್ನೋತ್ತರಕ್ಕಿಂತ ಅದೇ ಗಟ್ಟಿಯಾದ ದಾರಿ. ಆದರೆ ಸಮಿತಿಯ ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ, ಮತ್ತು ಯಾವ ವಿಷಯ ಎತ್ತಿಕೊಳ್ಳಬೇಕೆಂಬುದು ನನ್ನಂಥವನ ಕೈಯಲ್ಲಿಲ್ಲ. ಚುಕ್ಕೆರಹಿತ ಪ್ರಶ್ನೆಗೆ, ಅಂದರೆ ಸದನದಲ್ಲಿ ಬಾಯಿಮಾತಿನ ಉತ್ತರ ಕೇಳದ ಪ್ರಶ್ನೆಗೆ, ಬರುವ ಲಿಖಿತ ಉತ್ತರವಾದರೆ ಕಡತದಲ್ಲಿ ಉಳಿಯುತ್ತದೆ.

ಎರಡನೆಯ ಕರಡನ್ನು ಆಯೋಗದ ವಿಷಯಗಳಿಗೆ ಸದನದಲ್ಲಿ ಉತ್ತರ ಕೊಡುವ ಕಾನೂನು ಸಚಿವಾಲಯಕ್ಕೆ ಬರೆದೆ. ಪ್ರಶ್ನೆ 150 ಪದಗಳನ್ನು ಮೀರಬಾರದು. ಮಹಾರಾಷ್ಟ್ರದ ಮಾಹಿತಿ ಹಕ್ಕಿನ ಅರ್ಜಿಗೂ ಅದೇ 150 ಪದಗಳ ಮಿತಿ ಇರುವುದರಿಂದ ನನ್ನ ಕೈ ಪಳಗಿತ್ತು ಎನ್ನಬೇಕು. ಅಂತರ್ಜಾಲದ ರಾಜಕೀಯ ಜಾಹೀರಾತಿನ ಹಣದ ಮೂಲವನ್ನು ಬಹಿರಂಗಪಡಿಸುವ ಬಗ್ಗೆ ಆಯೋಗದಿಂದ ಪ್ರಸ್ತಾವ ಬಂದಿದೆಯೇ. ಬಂದಿದ್ದರೆ 127ಎ ಕಲಮಿನ ತಿದ್ದುಪಡಿ ಯಾವ ಹಂತದಲ್ಲಿದೆ. ಸರ್ಕಾರ ಕೈಗೊಂಡ ಕ್ರಮವೇನು ಎಂದು ಮೂರು ಭಾಗ ಮಾಡಿದೆ. ಕನಿಷ್ಠ 15 ದಿನ ಮುಂಚಿತವಾಗಿ ನೋಟಿಸು ಹೋಯಿತು. ದಿನಕ್ಕೆ 20 ಚುಕ್ಕೆ ಗುರುತಿನ ಮತ್ತು 230 ಚುಕ್ಕೆರಹಿತ ಪ್ರಶ್ನೆಗಳಷ್ಟೇ ಪಟ್ಟಿಗೆ ಸೇರುವುದರಿಂದ ಚೀಟಿ ಎತ್ತುತ್ತಾರೆ, ನಮ್ಮದು ಏಳಲಿಲ್ಲ.

ಮುಂದಿನ ಅಧಿವೇಶನಕ್ಕೆ ಮತ್ತೆ ಕೊಡೋಣ ಎಂದು ಕಾರ್ಯದರ್ಶಿ ಫೋನು ಮಾಡಿದಾಗ, ಮೂರನೆಯ ಭಾಗವನ್ನು ಬದಲಿಸಲು ಒಂದು ದಿನ ಕೇಳಿಕೊಂಡೆ. ಕ್ರಮವೇನು ಎಂದು ಕೇಳಿದರೆ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು ಬಂದುಬಿಡಬಹುದೆಂದು ಹಳೆಯ ಉತ್ತರಗಳನ್ನು ಓದುವಾಗ ಅನ್ನಿಸಿತ್ತು. ಹಾಗಾಗಿ ಆ ಪದವನ್ನು ತೆಗೆದು, ಸಚಿವಾಲಯಕ್ಕೂ ಆಯೋಗಕ್ಕೂ ಈ ಬಗ್ಗೆ ನಡೆದ ಪತ್ರವ್ಯವಹಾರದ ದಿನಾಂಕಗಳೇನು ಎಂದು ಬರೆದು, ಮರುದಿನ ಠಾಣೆ ದಾಟುವ ಮೊದಲೇ ಅವರಿಗೆ ಕಳಿಸಿದೆ.