ಮೊರಾಕ್ಕೊದಲ್ಲಿ ಯಾವ ಭಾಷೆ ಎಲ್ಲಿ ನಡೆಯುತ್ತದೆ?

ಮೊರಾಕ್ಕೊಗೆ ಕೆಲಸಕ್ಕೆ ಹೊರಟವರು ಆ್ಯಪ್ ಹಾಕಿಕೊಂಡು ಪುಸ್ತಕದ ಅರೇಬಿಕ್ ಕಲಿಯಲು ಕೂರುತ್ತಾರೆ. ಕಾಸಾಬ್ಲಾಂಕಾದ ತರಕಾರಿ ಅಂಗಡಿಯಲ್ಲಿ ಅದನ್ನು ಆಡಿದರೆ ರೇಡಿಯೋ ವಾರ್ತೆ ಓದಿದ ಹಾಗಿರುತ್ತದೆ. ಬೀದಿಯಲ್ಲಿ ನಡೆಯುವುದು ದಾರಿಜಾ, ಅಂದರೆ ಅಲ್ಲಿನ ಆಡುಮಾತಿನ ಅರೇಬಿಕ್. ಎಷ್ಟು ಅನ್ನೋಕೆ ಶ್ಹಾಲ್, ಈಗ ಅನ್ನೋಕೆ ದಾಬಾ, ಜಾಸ್ತಿ ಅನ್ನೋಕೆ ಬೆಝ್ಝಾಫ್, ಆಯ್ತು ಅನ್ನೋಕೆ ವಾಖಾ. ಮೊದಲ ವಾರಕ್ಕೆ ಇಷ್ಟು ಸಾಕು.

ದಾರಿಜಾದ ಬುಡ ಅರೇಬಿಕ್. ಆದರೆ ಮನೆ ಬೀಗದ ಕೈ 'ಸಾರುತ್' ಬಂದಿದ್ದು ಅರೇಬಿಕ್‌ಗಿಂತ ಮೊದಲೇ ಅಲ್ಲಿದ್ದ ನುಡಿ ಬರ್ಬರ್‌ನಿಂದ. ಬಡಗಿ 'ನೆಜ್ಜಾರ್' ಅರೇಬಿಕ್ ಪದ. ಅದರ ಹಿಂದೆ ಮುಂದೆ ಬರ್ಬರ್ 'ತ' ಸೇರಿಸಿದರೆ 'ತಾನೆಜ್ಜಾರ್ತ್', ಬಡಗಿ ಕೆಲಸ. ಸಾಲ ಎರಡೂ ಕಡೆ ಇದೆ: ಅರೇಬಿಕ್ ಮಸ್ಜಿದ್ ದಕ್ಷಿಣದ ಅಗಾದಿರ್ ಊರಿನ ಸುತ್ತ ಬರ್ಬರ್‌ನಲ್ಲಿ 'ತಿಮ್ಝ್‌ಗಿದಾ' ಆಗಿದೆ. ವಾರಕ್ಕೆ 'ಸಿಮಾನಾ' ಸ್ಪ್ಯಾನಿಷ್‌ನಿಂದ, ಬಸ್ಸಿಗೆ 'ತೋಬಿಸ್' ಫ್ರೆಂಚ್‌ನಿಂದ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಕೇಳಿದರೆ ಗಾಬರಿ ಬೇಡ, ನಾವೇನು ಕಮ್ಮಿ ಬೆರೆಸುತ್ತೇವಾ?

ಗಾಬರಿ ಆಗುವುದು ರೇಟು ಕೇಳಿದಾಗ. ನೋಟಿನ ಮೇಲಿರುವುದು ದಿರ್ಹಮ್. ಆದರೆ ಸಂತೆಯಲ್ಲಿ ವಯಸ್ಸಾದವರು ಈಗಲೂ ರಿಯಾಲ್‌ನಲ್ಲಿ ಹೇಳುತ್ತಾರೆ. ಅಂಥದ್ದೊಂದು ನಾಣ್ಯ ಈಗ ಚಲಾವಣೆಯಲ್ಲೇ ಇಲ್ಲ, ಬರೀ ಬಾಯಿ ಲೆಕ್ಕ. 20 ರಿಯಾಲ್‌ಗೆ 1 ದಿರ್ಹಮ್. 'ಮ್ಯಾತ್ ರ್‍ಯಾಲ್' ಅಂದರೆ 100 ರಿಯಾಲ್, ಅಂದರೆ ಬರೀ 5 ದಿರ್ಹಮ್. 100ರ ನೋಟು ತೆಗೆಯುವ ಮುಂಚೆ ಒಮ್ಮೆ ಕೇಳಿ: ರಿಯಾಲಾ, ದಿರ್ಹಮಾ?

ಇನ್ನು ಕಾಗದ ಪತ್ರ. 2011ರ ಸಂವಿಧಾನ ಅರೇಬಿಕ್ ಜೊತೆ ಅಮಾಝಿಗ್ (ಬರ್ಬರ್ ಭಾಷೆಯ ಸ್ವಂತ ಹೆಸರು) ಅನ್ನೂ ಅಧಿಕೃತ ಭಾಷೆ ಮಾಡಿತು. ಸರ್ಕಾರಿ ಕಟ್ಟಡಗಳ ಬೋರ್ಡಿನಲ್ಲಿ ಕಾಣುವ ವೃತ್ತ, ಗೆರೆಗಳ ಅಕ್ಷರ ಅದರದ್ದೇ, ಹೆಸರು ತಿಫಿನಾಗ್. ಆದರೂ ನಿಮ್ಮ ಕೈಗೆ ಬರುವ ಫಾರ್ಮು ಅರೇಬಿಕ್ ಅಥವಾ ಫ್ರೆಂಚ್. ಬ್ಯಾಂಕು, ದೊಡ್ಡ ಕಂಪನಿಗಳಲ್ಲಿ ಫ್ರೆಂಚೇ ದೊಡ್ಡಣ್ಣ. ಇಂಗ್ಲಿಷ್ ದಾಖಲೆಗಳಿಗೆ ಪ್ರಮಾಣಿತ ಅನುವಾದಕರ ಮುದ್ರೆ ಕೇಳಬಹುದು, ಮೊದಲೇ ವಿಚಾರಿಸಿಕೊಳ್ಳಿ. ಕೇಳಿದ ಹಾಗಿರುವ ಪದಗಳನ್ನೂ ಸುಮ್ನೆ ನಂಬಬೇಡಿ. ಅಲ್ಲಿ ಕೋರ್ಟಿನಲ್ಲಿ ನಿಮ್ಮ ಪರ ವಾದಿಸುವವರು 'ಮುಹಾಮಿ'. 'ವಕೀಲ್ ಅಲ್ ಮಲಿಕ್' ಅಂದರೆ ಸರ್ಕಾರದ ಪರ ಕೇಸು ನಡೆಸುವವರು!

ಅಗಾದಿರ್ ಕಡೆ ಕೆಲಸ ಸಿಕ್ಕರೆ ಸುತ್ತ ಕೇಳುವುದು ಅಮಾಝಿಗ್‌ನ ಒಂದು ಬಗೆಯಾದ ತಶೆಲ್ಹಿತ್. ನಡು ಅಟ್ಲಾಸ್‌ನಲ್ಲಿ ತಮಾಝಿಗ್ತ್, ಉತ್ತರದ ರಿಫ್‌ನಲ್ಲಿ ತರಿಫಿತ್. ನಮಸ್ಕಾರಕ್ಕೆ 'ಅಝುಲ್', ಥ್ಯಾಂಕ್ಸ್‌ಗೆ 'ತನ್ಮಿರ್ತ್' ಅಂದು ನೋಡಿ, ಮಾತು ಸಲೀಸಾಗುತ್ತದೆ. 'ಬರ್ಬರ್' ಅನ್ನೋದು ಹೊರಗಿನವರು ಇಟ್ಟ ಹೆಸರು, ಹಲವರಿಗೆ ಹಿಡಿಸುವುದಿಲ್ಲ. ಎದುರಿಗೆ 'ಅಮಾಝಿಗ್' ಅನ್ನಿ.

ವಾಟ್ಸಾಪ್ ಮೆಸೇಜಿನ ನಡುವೆ ಅಂಕಿಗಳು ಬಂದರೆ ಟೈಪಿಂಗ್ ತಪ್ಪಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಸಿಗದ ಅರೇಬಿಕ್ ಸದ್ದುಗಳಿಗೆ 3, 7, 9 ಬಳಸುತ್ತಾರೆ. 7 ಗಂಟಲಿನ 'ಹ', 9 ಗಂಟಲಿನ 'ಕ'. 9ರ ಪಕ್ಕ 'ಅಹ್ವಾ' ಅಂತಿದ್ದರೆ ಕಾಫಿಗೆ ಕರೆದಿದ್ದಾರೆ, ಹೋಗಿ ಬನ್ನಿ.