ರೂನ್‌ಸ್ಕೇಪನ್ನು ನಿಧಾನಕ್ಕೆ ಆಡುವುದು ಹೇಗೆ

"ಮಾಮ, ಎರಡು ವಾರಕ್ಕೆ ಮ್ಯಾಕ್ಸ್ ಲೆವೆಲ್ ಆಗೋಯ್ತು. ಈಗ ಏನ್ ಮಾಡೋದು?"

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಫೋನು ಹಿಡಿದುಕೊಂಡು ಕೇಳಿದ. ಅವನು ಆಡುತ್ತಿದ್ದ ಆಟದಲ್ಲಿ ಒಂದು ಬಟನ್ ಒತ್ತಿದರೆ ಪಾತ್ರ ತಾನಾಗಿಯೇ ಓಡಿ ಕ್ವೆಸ್ಟ್ (ಆಟದೊಳಗಿನ ಕೆಲಸ) ಕೊಡುವವನ ಮುಂದೆ ನಿಲ್ಲುತ್ತದೆ. ಇನ್ನೊಂದು ಒತ್ತಿದರೆ ತಾನೇ ಹೊಡೆದಾಡುತ್ತದೆ. ಇವನಿಗೆ ಉಳಿದಿದ್ದ ಕೆಲಸ ಫೋನಿನ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವುದು.

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. 2006ರಲ್ಲಿ ಓದುತ್ತಿದ್ದಾಗ ಗಂಟೆಗೆ 20 ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಆಡುತ್ತಿದ್ದವನು. ಒಂದು ಸಂಜೆ ಡ್ರ್ಯಾಗನ್ ಸ್ಲೇಯರ್ ಕ್ವೆಸ್ಟಿನ ಕೊನೆಗೆ ಎಲ್ವಾರ್ಗ್ ಎಂಬ ಡ್ರ್ಯಾಗನ್ ಎದುರು ನಿಂತಿದ್ದೆ. ಅದರ ರಕ್ತ ಅರ್ಧಕ್ಕೆ ಇಳಿದಿತ್ತು. ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕುಂಯ್ ಅಂದು ಮಲಗಿತು. ಕನೆಕ್ಷನ್ ಕಡಿದರೂ ಹೊಡೆದಾಟದ ಮಧ್ಯೆ ಇದ್ದವನ ಪಾತ್ರ ಒಂದಿಷ್ಟು ಹೊತ್ತು ಅಲ್ಲೇ ನಿಂತಿರುತ್ತಿತ್ತು, ಡ್ರ್ಯಾಗನ್ನಿಗೆ ಅಷ್ಟು ಸಾಕು. ಆಗ ಸತ್ತರೆ ಬೆಲೆ ಹೆಚ್ಚಿರುವ ಮೂರು ವಸ್ತು ಮಾತ್ರ ನಮ್ಮದು, ಮಿಕ್ಕಿದ್ದು ನೆಲದ ಪಾಲು. ಅಂಗಡಿಯವನು ಮಾತ್ರ ಪೂರ್ತಿ ಗಂಟೆಯ ದುಡ್ಡು ತೆಗೆದುಕೊಂಡ.

ಹೀಗಾಗಿ "ಈಗಿನ ಆಟಗಳೆಲ್ಲ ಕ್ಯಾಶುವಲ್ ಆಗಿಹೋಗಿವೆ", ಅಂದರೆ ಕಷ್ಟವೇ ಇಲ್ಲ, ಎಂದು ಯಾರಾದರೂ ಗೊಣಗಿದರೆ ಮೊದಲು ತಲೆಯಾಡಿಸುವವನು ನಾನೇ. ಆದರೆ ಹುಡುಗನಿಗೆ ಹಳೆಯದನ್ನು ಕಲಿಸಲು ಕೂತಾಗ ನನ್ನ ಲೆಕ್ಕ ಸ್ವಲ್ಪ ಬದಲಾಯಿತು. ಹೊಡೆದಾಟ ಸುಲಭವಾಗಿದ್ದು ದೊಡ್ಡ ವಿಷಯವಲ್ಲ. ಎರಡು ಸಂಗತಿ ಕಳೆದುಹೋಗಿವೆ: ಗೊತ್ತಿಲ್ಲದೆ ಅಲೆಯುವುದು, ಮತ್ತೊಬ್ಬರ ಹತ್ತಿರ ಹೋಗಿ ಕೇಳುವುದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಇನ್ನೊಂದು ಆನ್‌ಲೈನ್ ಆಟಕ್ಕೆ 2009ರ ಡಿಸೆಂಬರಿನಲ್ಲಿ ಡಂಜನ್ ಫೈಂಡರ್ ಬಂತು, ಜೊತೆಗಾರರನ್ನು ತಾನೇ ಹುಡುಕಿಕೊಡುವ ವ್ಯವಸ್ಥೆ ಅದು. ಬಟನ್ ಒತ್ತಿದರೆ ಅಪರಿಚಿತ ನಾಲ್ವರು ಜೊತೆಯಾಗುತ್ತಾರೆ, ಹೆಸರು ಕೇಳುವ ಮೊದಲೇ ಮುಗಿಸಿ ಹೋಗುತ್ತಾರೆ. ರೂನ್‌ಸ್ಕೇಪಿಗೆ 2007ರ ನವೆಂಬರಿನಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್, ಅಂದರೆ ಮಾರುವವರ ಮುಖ ನೋಡದೆ ಕೊಳ್ಳುವ-ಮಾರುವ ಮಾರುಕಟ್ಟೆ, ಬಂದ ಮೇಲೆ ಆಟದೊಳಗಿನ ವರಾಕ್ ಊರಿನ ಬ್ಯಾಂಕಿನ ಮುಂದೆ ಬಣ್ಣಬಣ್ಣದ ಅಕ್ಷರದಲ್ಲಿ "ಕಬ್ಬಿಣ ಮಾರ್ತೀನಿ, ಕಬ್ಬಿಣ!" ಎಂದು ಕೂಗುವ ಸಂತೆ ನಿಂತುಹೋಯಿತು. ಅನುಕೂಲವಾಯಿತು, ಸುಳ್ಳಲ್ಲ. ಸಂತೆ ಹೋಯಿತು, ಅದೂ ಸುಳ್ಳಲ್ಲ.

ಅಲೆಯುವುದು, ಕೇಳುವುದು, ಈ ಎರಡನ್ನೂ ನಾವೇ ವಾಪಸ್ ತಂದುಕೊಳ್ಳಬಹುದು. ನಾನು, ಅಕ್ಕನ ಮಗ, ನನ್ನ ಮಗಳು ಮೂವರೂ ಮಾಡಿದ ರೀತಿ ಹೇಳುತ್ತೇನೆ.

ಆಡಬೇಕಾದದ್ದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. 2007ರ ಆಗಸ್ಟಿನ ಬ್ಯಾಕಪ್ಪಿನಿಂದ ಎತ್ತಿ, ಆಟಗಾರರ ಮತ ಕೇಳಿ, 2013ರ ಫೆಬ್ರವರಿಯಲ್ಲಿ ಮತ್ತೆ ತೆರೆದ ಆಟ ಇದು. 2018ರಿಂದ ಫೋನಿನಲ್ಲೂ ಇದೆ. ದುಡ್ಡು ಕಟ್ಟುವ ಅಗತ್ಯವಿಲ್ಲ, ಉಚಿತ ಭಾಗವೇ ತಿಂಗಳುಗಟ್ಟಲೆ ಸಾಕು. ನೆಟ್ ನಿಧಾನ ಅಂತ ಹೆದರಬೇಡಿ. ಈ ಆಟದ ಗಡಿಯಾರ 0.6 ಸೆಕೆಂಡಿಗೆ ಒಮ್ಮೆ ಮಿಡಿಯುತ್ತದೆ, ಪಿಂಗ್ (ಸರ್ವರಿಗೆ ಹೋಗಿ ಬರುವ ಹೊತ್ತು) ಇನ್ನೂರು ಮಿಲಿಸೆಕೆಂಡ್ ದಾಟಿದರೂ ಮರ ಕಡಿಯಲು, ಮೀನು ಹಿಡಿಯಲು ಏನೂ ತೊಂದರೆಯಿಲ್ಲ. ಖಾತೆ ತೆರೆಯುವಾಗ ಐರನ್‌ಮ್ಯಾನ್ ಎಂಬ ಆಯ್ಕೆ ಕಾಣುತ್ತದೆ, ಯಾರ ಜೊತೆಗೂ ವ್ಯಾಪಾರ ಮಾಡದೆ ಎಲ್ಲವನ್ನೂ ಸ್ವಂತಕ್ಕೆ ದುಡಿಯುವ ವ್ರತ ಅದು. ಕಷ್ಟ ಬೇಕು ಅನ್ನುವವರು ನೇರ ಅದಕ್ಕೇ ಕೈ ಹಾಕುತ್ತಾರೆ. ನಾನು ಬೇಡ ಅನ್ನುತ್ತೇನೆ. ಜನ ಬೇಕು ಅಂತ ಹೊರಟವನು ಒಂಟಿ ಸನ್ಯಾಸಿ ಆಗುವುದೇಕೆ? ಇಬ್ಬರಿಂದ ಐವರವರೆಗೆ ಸೇರಿ ಆಡುವ ಗ್ರೂಪ್ ಐರನ್‌ಮ್ಯಾನ್ 2021ರಿಂದ ಇದೆ, ಅದು ಪರವಾಗಿಲ್ಲ. ನಾವು ಸಾಮಾನ್ಯ ಖಾತೆಯನ್ನೇ ತೆರೆದು ಮನೆಯ ಕಾನೂನು ಹಾಕಿಕೊಂಡೆವು.

ಮೊದಲ ಕಾನೂನು ಒಂದೇ ಸಾಲು: ಗ್ರ್ಯಾಂಡ್ ಎಕ್ಸ್‌ಚೇಂಜ್ ಕಡೆ ತಲೆ ಹಾಕುವಂತಿಲ್ಲ. ಬೇಕಾದ್ದನ್ನು ನೀವೇ ಮಾಡಿ, ಇಲ್ಲ ಮೂವರಲ್ಲಿ ಒಬ್ಬರನ್ನು ಕೇಳಿ, ಇಲ್ಲ ದಾರಿಯಲ್ಲಿ ಸಿಕ್ಕವರನ್ನು ಕೇಳಿ. ಹೊಸ ಉಚಿತ ಖಾತೆಗೆ ಮೊದಮೊದಲು ಕೊಡು-ಕೊಳ್ಳುವುದರ ಮೇಲೆ ನಿರ್ಬಂಧ ಇರುತ್ತದೆ, ಕೆಲವು ಕ್ವೆಸ್ಟ್ ಮುಗಿದು ಆಟದ ಗಂಟೆಗಳು ಕೂಡಿದ ಮೇಲೆ ತೆರೆದುಕೊಳ್ಳುತ್ತದೆ. ಅಷ್ಟರೊಳಗೆ ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಮಗಳು ಮೀನು ಮತ್ತು ಅಡುಗೆ, ಹುಡುಗ ಗಣಿ ಮತ್ತು ಕಮ್ಮಾರಿಕೆ, ನಾನು ಮರ. ಗಿರಾಕಿ ಇಲ್ಲದ ಹೊತ್ತಲ್ಲಿ ಕೌಂಟರ್ ಕೆಳಗೆ ಫೋನಿಟ್ಟು ಓಕ್ ಮರ ಕಡಿಯಬಹುದು, ಒಮ್ಮೆ ಒತ್ತಿದರೆ ಮರ ಉರುಳುವವರೆಗೂ ಕಡಿಯುತ್ತಲೇ ಇರುತ್ತದೆ. (ಕ್ಯಾಶುವಲ್ ಅಂತ ಇದನ್ನೂ ಬೈಯಬಹುದು. ಬೈಯಿರಿ, ನನಗೆ ಅಂಗಡಿಯೂ ಇದೆ.)

ಎರಡನೆಯ ಕಾನೂನು ವಿಕಿಯದು, ಅಂದರೆ ಆಟಗಾರರು ಬರೆದಿಟ್ಟ ಆನ್‌ಲೈನ್ ಕೈಪಿಡಿಯದು. ಈ ಆಟದ ವಿಕಿ ಬಹಳ ಅಚ್ಚುಕಟ್ಟು, ತೊಂದರೆ ಇರುವುದೇ ಅಲ್ಲಿ. ಕಂಪ್ಯೂಟರಿನಲ್ಲಿ ಆಡುವವರಿಗೆ ಎಲ್ಲಿ ಕಾಲಿಡಬೇಕು ಎಂದು ಬಾಣ ಹಾಕಿ ತೋರಿಸುವ ಪ್ಲಗಿನ್ನುಗಳೂ (ಆಟಕ್ಕೆ ಸೇರಿಸುವ ಪುಟ್ಟ ಪ್ರೋಗ್ರಾಮುಗಳು) ಇವೆ. ತೆಗೆದುಹಾಕಿ. ಸಿಕ್ಕಿಹಾಕಿಕೊಂಡರೆ ಮೊದಲು ಕ್ವೆಸ್ಟ್ ಪುಸ್ತಕ ತೆರೆದು ಓದಬೇಕು, ಆಮೇಲೆ ಎದುರು ಸಿಕ್ಕ ಆಟಗಾರರಲ್ಲಿ ಇಬ್ಬರನ್ನಾದರೂ ಕೇಳಬೇಕು, ಮಾರನೆಯ ದಿನಕ್ಕೂ ಬಗೆಹರಿಯದಿದ್ದರೆ ಮಾತ್ರ ವಿಕಿ.

ಮೊದಲ ದಿನಕ್ಕೆ ಕುಕ್ಸ್ ಅಸಿಸ್ಟೆಂಟ್ ಎಂಬ ಕ್ವೆಸ್ಟ್ ಇಟ್ಟುಕೊಳ್ಳಿ. ಲಂಬ್ರಿಡ್ಜ್ ಕೋಟೆಯ ಅಡುಗೆಭಟ್ಟನಿಗೆ ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ಬೇಕು. ಬಾಣ ನೋಡಿಕೊಂಡು ಹೋದರೆ ಐದು ನಿಮಿಷದ ಕೆಲಸ. ನಮ್ಮ ಹುಡುಗನಿಗೆ ಐವತ್ತು ನಿಮಿಷ ಹಿಡಿಯಿತು. ಮೊಟ್ಟೆ ಸಿಕ್ಕಿತು, ಹಸು ಸಿಕ್ಕಿತು. ಗೋಧಿ ಕಿತ್ತುಕೊಂಡು ಗಾಳಿಗಿರಣಿಗೆ ಹೋದ, ಕೆಳಗೆಲ್ಲ ಹುಡುಕಿದ, ಏನೂ ಇಲ್ಲ. ಮೆಟ್ಟಿಲು ಹತ್ತಿ, ಇನ್ನೂ ಹತ್ತಿ, ತುದಿಯಲ್ಲಿರುವ ಹಾಪರಿಗೆ ಗೋಧಿ ಸುರಿದು, ಪಕ್ಕದ ಹಿಡಿ ಎಳೆದು, ಗೆದ್ದೆ ಅಂದುಕೊಂಡು ಇಳಿದು ಬಂದ. ಹಿಟ್ಟು ಬಿದ್ದಿದೆ, ತುಂಬಿಕೊಳ್ಳಲು ಮಡಕೆ ಇಲ್ಲ. ಮಡಕೆ ಇದ್ದದ್ದು ಹೊರಟ ಜಾಗದಲ್ಲೇ, ಭಟ್ಟನ ಅಡುಗೆಮನೆಯಲ್ಲಿ. ಓಡುವ ಶಕ್ತಿಯೂ ಖಾಲಿ, ನಡೆದೇ ವಾಪಸ್ ಹೋಗಬೇಕು. "ಮೊದ್ಲೇ ಹೇಳಕ್ಕೆ ಏನಾಗಿತ್ತು ಮಾಮ?" ಎಂದು ಸಿಡುಕಿದ. ಊಟಕ್ಕೆ ಕೂತಾಗ ಅವನ ಅಮ್ಮನಿಗೆ ಆ ಗಿರಣಿಯ ಕಥೆಯನ್ನು ಅಂತಸ್ತು ಅಂತಸ್ತಾಗಿ ಹೇಳಿದ್ದೂ ಅವನೇ. ಎರಡು ವಾರ ಆಡಿದ ಆ ಇನ್ನೊಂದು ಆಟದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಸಾವಿನ ವಿಷಯ. ಈಗ ಸತ್ತರೆ ಸಾಮಾನು ಸಮಾಧಿಯೊಳಗೆ 15 ನಿಮಿಷ ಭದ್ರವಾಗಿರುತ್ತದೆ, ಹೋಗಿ ತರಬಹುದು. ಆ ಕರೆಂಟ್ ಹೋದ ಸಂಜೆಯನ್ನು ನೆನೆದರೆ ಇದು ಸರಿಯಾದ ಬದಲಾವಣೆ, ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಆದರೂ ಸ್ವಲ್ಪ ಭಯ ಇರಲಿ ಎಂದು, ಸತ್ತವರು ಸಾಮಾನು ತಂದ ಮೇಲೆ ಆ ದಿನದ ಆಟ ಬಂದ್ ಎಂದು ಮಾಡಿಕೊಂಡಿದ್ದೇವೆ. ಅಂದಿನಿಂದ ಮಕ್ಕಳು ಬಹಳ ಹುಷಾರಾಗಿ ಆಡುತ್ತಾರೆ.

ಲೆವೆಲ್ ಲೆಕ್ಕಕ್ಕೆ ಬೀಳಬೇಡಿ. ಯಾವುದೇ ವಿದ್ಯೆ 99ನೇ ಲೆವೆಲ್ಲಿಗೆ ಮುಟ್ಟಲು 1,30,34,431 ಎಕ್ಸ್‌ಪಿ (ಅನುಭವದ ಅಂಕ) ಬೇಕು, ಅದರಲ್ಲಿ ಅರ್ಧ ದಾರಿ ಅಂದರೆ 92ನೇ ಲೆವೆಲ್. ಹುಡುಗನಿಗೆ ಇದನ್ನು ಹೇಳಿದಾಗ ಅವನು ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡ. ಗುರಿ ಬೇಕೆಂದರೆ ಡ್ರ್ಯಾಗನ್ ಸ್ಲೇಯರ್ ಇಟ್ಟುಕೊಳ್ಳಿ. ಅದನ್ನು ಶುರು ಮಾಡಲು ಬೇರೆ ಕ್ವೆಸ್ಟುಗಳಿಂದ 32 ಅಂಕ ಕೂಡಬೇಕು. ಮೂರು ತುಂಡಾದ ನಕ್ಷೆ ಹುಡುಕಬೇಕು, 2,000 ಕಾಸಿಗೆ ತೂತು ಹಡಗು ಕೊಂಡು ಹಲಗೆ-ಮೊಳೆ ಹೊಡೆದು ರಿಪೇರಿ ಮಾಡಬೇಕು. ಡ್ರ್ಯಾಗನ್ ಜೊತೆ ಹೊಡೆದಾಡುವವನು ಒಬ್ಬನೇ, ಉಳಿದವರಿಗೆ ಕೈ ಹಾಕಲು ಬರುವುದಿಲ್ಲ. ಆದರೆ ಚೀಲದಲ್ಲಿರುವ 28 ಖಾನೆಗಳನ್ನು ಏನು ತುಂಬಿ ಕಳಿಸುತ್ತೀರಿ ಅನ್ನುವುದು ಮನೆಯವರ ಕೈಯಲ್ಲಿದೆ. ಮೊಳೆ ಹುಡುಗನ ಕುಲುಮೆಯಿಂದ ಬರಬೇಕು, ಮೀನು ಮಗಳ ಒಲೆಯಿಂದ. ಬೆಂಕಿ ತಡೆಯುವ ಗುರಾಣಿಯನ್ನು ಲಂಬ್ರಿಡ್ಜ್ ಕೋಟೆಯ ಡ್ಯೂಕ್ ಪುಕ್ಕಟೆ ಕೊಡುತ್ತಾನೆ, ಅದೊಂದನ್ನು ಮರೆತು ಹೋದವರು ಬಹಳ ಜನ.

ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ. ರಜೆ ಮುಗಿದು ಹುಡುಗ ದಾವಣಗೆರೆಗೆ ಹೋದ, ಈಗ ಶನಿವಾರ ರಾತ್ರಿ ಒಂದು ಗಂಟೆ ಮಾತ್ರ ಮೂವರೂ ಸೇರುವುದು. ಹೋದ ವಾರ ಮಗಳು ಕರಾಮ್ಜಾ ದ್ವೀಪದಲ್ಲಿ ಹಿಡಿದ ಲಾಬ್‌ಸ್ಟರುಗಳನ್ನು ಬೇಯಿಸಲು ಕೂತಳು. ಅಡುಗೆ ಲೆವೆಲ್ ಈಗಷ್ಟೇ 40 ಮುಟ್ಟಿದೆ, ಇಪ್ಪತ್ತಾರರಲ್ಲಿ ಹದಿನಾಲ್ಕು ಕರಕಲಾದವು. ಹುಡುಗ ಫೋನಿನಲ್ಲಿ "ಏ, ನನ್ ಮೊಳೆ ರೆಡಿ ಇದಾವೆ, ನಿಂದೇನೇ ಲೇಟು" ಎಂದು ಕೂಗುತ್ತಿದ್ದ. ಅವಳು ಕರಕಲಾದ ಹದಿನಾಲ್ಕನ್ನೂ ಎಸೆಯದೆ ಅವನಿಗೇ ಟ್ರೇಡ್ ಮಾಡಿದಳು. ಅವನು ಅಕ್ಸೆಪ್ಟ್ ಕೂಡ ಮಾಡಿದ, ನೋಡದೆ.